ಅಕ್ಕ ಹಲ್ಲಲ್ಲಿ ಕಚ್ಚಿದ ರಟ್ಟು

ಅಕ್ಕನ ಕೆಳತುಟಿಯ ಎಡತುದಿಯಲ್ಲಿ ಒಂದು ಬಿಳಿ ಗೆರೆಯಿತ್ತು. ಒಣಗಿ, ಸೀಳಿ, ಮತ್ತೆ ಕೂಡಿಕೊಂಡ ಗೆರೆ. ಪಾಠ ಮಾಡುವಾಗ ಅವಳು ರಟ್ಟಿನ ಕಾರ್ಡನ್ನು ಅಲ್ಲಿಯೇ ಹಲ್ಲಿನಿಂದ ಕಚ್ಚಿ ಹಿಡಿಯುತ್ತಿದ್ದಳು. ತೋರಿಸುತ್ತಿರುವ ಕಾರ್ಡು ಬಲಗೈಯಲ್ಲಿ, ಉಳಿದ ಕಂತೆ ಎಡಗೈಯಲ್ಲಿ, ಮುಂದಿನದು ಬಾಯಲ್ಲಿ. ಕಚ್ಚಿಕೊಂಡೇ ಮೂಗಿನಲ್ಲಿ ಮಾತಾಡಿ ಗದರಿದರೆ ಮಕ್ಕಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಆ ರಟ್ಟನ್ನು ಅವಳಿಗೆ ತಂದುಕೊಟ್ಟವನು ನಾನು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಆಲ್ದೂರಿನಿಂದ ಎರಡು ಮೈಲಿ ಒಳಗೆ ಒಂದು ಕಾಫಿ ಎಸ್ಟೇಟಿನ ಕೂಲಿ ಲೈನಿನ ಸಾಲುಮನೆಯೊಂದರಲ್ಲಿ ನಾವು ಮೂವರಿದ್ದೆವು: ಅವ್ವ, ಅಕ್ಕ, ನಾನು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಕ್ಕ ಪಿಯುಸಿ ಪಾಸು ಮಾಡಿದ್ದಳು. ಎಲ್ಲಿಯೂ ಕೆಲಸ ಸಿಗದೆ, ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಡುಮ್ಕಿ ಹೊಡೆದ ಸುತ್ತಲಿನ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ಪಾಠ ಹೇಳತೊಡಗಿದಳು. ಲೈನಿನ ಮಕ್ಕಳು ಬರುತ್ತಿದ್ದರು. ಆಲ್ದೂರಿನ ರಸ್ತೆಯಲ್ಲಿ ಲಾರಿ ಗ್ಯಾರೇಜು ಇಟ್ಟಿದ್ದ ಸಾಬರ ಮಗಳು, ಇನ್ನೂ ಎಂಟನೇ ಕ್ಲಾಸಿನವಳು, ಅವಳೂ ಬರುತ್ತಿದ್ದಳು. ಎಲ್ಲರಿಗಿಂತ ಚುರುಕು ಅವಳೇ.

ಒಂದೇ ಪದಕ್ಕೆ ಎರಡು ಅರ್ಥವಿದ್ದರೆ ಅಕ್ಕ ಕಾರ್ಡಿನ ಎರಡು ಬದಿಗೂ ಚಿತ್ರ ಬರೆಯುತ್ತಿದ್ದಳು. ‘ಬಾರ್ಕ್’ ಎಂದರೆ ಒಂದು ಬದಿಯಲ್ಲಿ ನಾಯಿ, ಇನ್ನೊಂದು ಬದಿಯಲ್ಲಿ ಮರದ ತೊಗಟೆ. ಚಿತ್ರ ಸಾಲದು ಎಂದು ತಾನೇ ನಾಯಿಯಾಗಿ ಬೊಗಳುತ್ತಿದ್ದಳು. ‘ಫಾಲ್’ ಬಂದರೆ ಕಂಬಳಿಯ ಮೇಲೆ ದೊಪ್ಪನೆ ಬೀಳುತ್ತಿದ್ದಳು. ಪಕ್ಕದ ಮನೆಯವರು, “ನಿಮ್ಮಕ್ಕಂಗೆ ಎಂತ ಆಗಿದೆ ಮಾರಾಯ?” ಎಂದು ನನ್ನನ್ನು ಕೇಳುವಷ್ಟು.

ವಾಕ್ಯಗಳನ್ನು ಜೋಡಿಸುವ ಪದಗಳಿಗೆ ಬೇರೆಯೇ ಆಟ. ಮಗು ಒಂದು ವಾಕ್ಯ ಹೇಳಬೇಕು. ಅಕ್ಕ ಒಂದು ಕಾರ್ಡು ಎತ್ತುವಳು. ಆ ಪದ ಹಿಡಿದು ಮಗು ಮುಂದುವರಿಸಬೇಕು. ಒಂದು ದಿನ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

“ಹೇಳೇ, ನಿನ್ನೆ ಎಂತ ಆಯ್ತು?”

“ಎಸ್ಟರ್ಡೇ ರೈನ್ ಕೇಮ್ ಅಕ್ಕ,” ಎಂದಳು ಗ್ಯಾರೇಜಿನ ಹುಡುಗಿ.

ಅಕ್ಕ ‘ದೇರ್‌ಫೋರ್’ ಎತ್ತಿದಳು.

“ದೇರ್‌ಫೋರ್ ಐ ಡಿಡ್ ನಾಟ್ ಗೋ ಟು ಸ್ಕೂಲ್.”

ಬಾಯಲ್ಲಿದ್ದ ‘ಹೌಎವರ್’ ತೆಗೆದು ತೋರಿಸಿದಳು.

“ಹೌಎವರ್, ಮೈ ಫಾದರ್ ಬೀಟ್ ಮೀ.”

ಜಗಲಿಯೆಲ್ಲ ನಗು. “ಪಾಸಾದೆ ಹೋಗು. ನಿಮ್ಮಪ್ಪಂಗೆ ನನ್ನ ಥ್ಯಾಂಕ್ಸ್ ಹೇಳು,” ಎಂದಳು ಅಕ್ಕ. ಆ ವರ್ಷ ಅವಳ ಹತ್ತಿರ ಓದಿ ಎಸ್ಸೆಸ್ಸೆಲ್ಸಿಗೆ ಕೂತವರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ಪಾಸಾದರು.

ಮೊದಮೊದಲು ಅವಳು ಮದುವೆ ಕರೆಯೋಲೆಗಳ ಹಿಂಬದಿಯಲ್ಲಿ ಬರೆಯುತ್ತಿದ್ದಳು. ಮಳೆಗಾಲ ಹಿಡಿದರೆ ಅವು ಉಬ್ಬಿ, ಬೂಸು ಹಿಡಿದು, ಕೈಗೆ ಅಂಟುತ್ತಿದ್ದವು. “ಗಟ್ಟಿ ರಟ್ಟು ಸಿಕ್ಕಿದ್ರೆ ತಾರೋ,” ಎಂದಳು ನನಗೆ. ಅವಳು ನನ್ನಿಂದ ಬೇರೇನನ್ನೂ ಕೇಳಿದವಳಲ್ಲ. ಅವಳ ಪಾಠದಲ್ಲಿ ನನ್ನದೂ ಒಂದು ಕೈ ಇರುತ್ತದೆ ಎಂದು ನನಗೆ ಹಿಗ್ಗಾಯಿತು.

ಕಾಫಿ ಗಿಡದ ಕಾಂಡ ಕೊರೆಯುವ ಹುಳವನ್ನು ನಾವು ಬೋರರ್ ಅನ್ನುತ್ತೇವೆ. ಗಿಡದ ತೊಗಟೆ ಉಜ್ಜಿ ಅದಕ್ಕೆ ಮದ್ದು ಬಳಿಯುವ ಗುಂಪಿನಲ್ಲಿ ನನ್ನ ಕೆಲಸ. ಮದ್ದಿನ ಪುಡಿ ದಪ್ಪ ರಟ್ಟಿನ ಡ್ರಮ್ಮಿನಲ್ಲಿ ಬರುತ್ತಿತ್ತು. ಮೇಸ್ತ್ರಿ ಮೊದಲ ದಿನವೇ ಹೇಳಿದ್ದ:

“ಖಾಲಿ ಡ್ರಮ್ಮು ಒಡ್ದು ಗುಂಡಿಗೆ ಹಾಕ್ಬೇಕು. ಮನೆಗೆ ಗಿನೆಗೆ ಒಯ್ದೀಯ ಮತ್ತೆ. ಅದು ವಿಷ ಮಾರಾಯ. ಸಾಹೇಬ್ರು ನೋಡಿದ್ರೆ ಲೈನಿಂದ್ಲೇ ಓಡಿಸ್ತಾರೆ.”

ನಾನು ಒಯ್ದೆ. ಒಳಗನ್ನು ಒಣಬಟ್ಟೆಯಲ್ಲಿ ಒರೆಸಿ, ಕತ್ತಿಯಲ್ಲಿ ಕಾರ್ಡಿನ ಅಳತೆಗೆ ಕೊಯ್ದೆ. ಡ್ರಮ್ಮಿನ ರಟ್ಟಾದ್ದರಿಂದ ಬಾಗಿದ್ದವು. ಅಕ್ಕ ಅವನ್ನು ಒರಳುಕಲ್ಲಿನ ಅಡಿಗಿಟ್ಟು ನೆಟ್ಟಗೆ ಮಾಡಿಕೊಂಡಳು. “ಎಲ್ಲಿಂದು?” ಎಂದು ಕೇಳಿದಳು. “ಆಲ್ದೂರಲ್ಲಿ ಅಂಗಡಿಯವ್ರು ಬಿಸಾಕಿದ್ದು,” ಎಂದೆ. ಮದ್ದಿನ ಆ ಮುಗ್ಗಲು ವಾಸನೆ ಅವಳಿಗೆ ಬೇರೆಯಾಗಿ ತಿಳಿಯುವ ಹಾಗಿರಲಿಲ್ಲ. ನನ್ನ ಅಂಗಿಯಿಂದ ನಮ್ಮ ಮನೆಯೇ ಹಾಗೆ ನಾರುತ್ತಿತ್ತು.

ಮುಂದಿನ ಮಳೆಗಾಲದಲ್ಲಿ ಗೆದ್ದಲು ಬಂದು ಅವಳ ಪಿಯುಸಿ ಪುಸ್ತಕಗಳನ್ನೆಲ್ಲ ತಿಂದವು. ಅದೇ ಹಲಗೆಯ ಮೇಲಿದ್ದ ಕಾರ್ಡುಗಳಿಗೆ ಒಂದು ಗೀರು ಕೂಡ ಬೀಳಲಿಲ್ಲ. ಹಲಗೆಯ ಹಿಂದೆ ಒಂದು ಹಲ್ಲಿ ಅಂಗಾತ ಸತ್ತು ಬಿದ್ದಿತ್ತು. ಅಕ್ಕ ಕಾರ್ಡಿನ ಕಂತೆಯನ್ನು ಎದೆಗೊತ್ತಿಕೊಂಡು, “ನೋಡಿದ್ಯಾ? ನನ್ನ ಇಂಗ್ಲಿಷಿಗೆ ಗೆದ್ದಲೂ ಹೆದರ್ತವೆ!” ಎಂದು ನಕ್ಕಳು. ಅವ್ವನೂ ನಕ್ಕಳು. ನಾನು ಹಲ್ಲಿಯನ್ನು ಕಡ್ಡಿಯಲ್ಲಿ ಎತ್ತಿ ಹೊರಗೆ ಹಾಕಿದೆ. ಆಗಲೇ ನನಗೆ ಗೊತ್ತಾಗಿತ್ತು. ಗೊತ್ತಾಗಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ, ಅದು ಸುಳ್ಳು.

ಮೊದಲು ತಲೆನೋವು ಬಂತು. ಆಮೇಲೆ ಕೈ ನಡುಕ. ಅಚ್ಚು ಒತ್ತಿದಂತಿದ್ದ ಅವಳ ಅಕ್ಷರ ಅಲುಗಾಡತೊಡಗಿತು. ಒಂದು ಮಧ್ಯಾಹ್ನ ನಾನು ಊಟಕ್ಕೆಂದು ಮನೆಗೆ ಬಂದಾಗ ಜಗಲಿಯಲ್ಲಿ ಮಕ್ಕಳು ಕೇಕೆ ಹಾಕಿ ನಗುತ್ತಿದ್ದರು. ಅಕ್ಕ ಕಂಬಳಿಯ ಮೇಲೆ ಬಿದ್ದು ಕೈಕಾಲು ಬಡಿಯುತ್ತಿದ್ದಳು. ಯಾವ ಪದದ ಅಭಿನಯ ಎಂದು ಮಕ್ಕಳು ಪೈಪೋಟಿಯ ಮೇಲೆ ಊಹಿಸುತ್ತಿದ್ದರು. ಗ್ಯಾರೇಜಿನ ಹುಡುಗಿ ಮಾತ್ರ ನಗುತ್ತಿರಲಿಲ್ಲ.

“ಅಣ್ಣಾ, ಅಕ್ಕ ಆಟ ಆಡ್ತಿಲ್ಲ,” ಎಂದಳು.

ಹಲ್ಲು ಕಚ್ಚಿಹೋಗಿತ್ತು, ನಡುವೆ ಕಾರ್ಡು. ಅದನ್ನು ಬಿಡಿಸಿ ತೆಗೆದವನು ನಾನೇ. ಹಲ್ಲಿನ ಗುರುತು ರಟ್ಟಿನೊಳಗೆ ಇಳಿದಿತ್ತು.

ಹುಡುಗಿಯ ಅಪ್ಪ ರಿಪೇರಿಗೆ ಬಂದಿದ್ದ ಜೀಪಿನಲ್ಲೇ ನಮ್ಮನ್ನು ಚಿಕ್ಕಮಗಳೂರಿಗೆ ಕರೆದುಕೊಂಡು ಹೋದರು. ಡಾಕ್ಟರು ಅಕ್ಕನ ಕಣ್ಣು, ನಾಲಿಗೆ, ಉಗುರು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಎಸ್ಟೇಟಿನವ್ರಾ? ಮದ್ದು ಗಿದ್ದು ಮನೇಲಿ ಇಟ್ಕೊಂಡಿದ್ದೀರಾ? ಇವ್ರ ಕೈಗೆ ಸಿಗೋ ಹಾಗೆ?”

ಅಕ್ಕ ಮಂಚದ ಮೇಲಿಂದ ನನ್ನನ್ನು ನೋಡಿದಳು. ಬರೀ ಸುಸ್ತಿನ ನೋಟ. ನನ್ನ ಮೇಲೆ ಅನುಮಾನದ ಎಳೆಯೂ ಇರಲಿಲ್ಲ. ಮೇಸ್ತ್ರಿಯ ಮಾತು ನನ್ನ ಕಿವಿಯಲ್ಲಿತ್ತು. ಲೈನಿಂದ ಓಡಿಸಿದರೆ ಇವಳನ್ನು ಎಲ್ಲಿ ಮಲಗಿಸುವುದು ಎಂದು ಯೋಚಿಸಿದೆ. ಹಾಗೆ ಯೋಚಿಸಿದ್ದು ನಿಜ. ಆದರೆ ನಾನು ಹೆದರಿದ್ದು ಅದಕ್ಕಲ್ಲ. ಆ ವಿಷ ನೀನೇ ತಂದಿದ್ದಾ ಎಂದು ಅವಳು ಕೇಳಿಬಿಟ್ಟರೆ ಎಂದು ಹೆದರಿದೆ.

“ಇಲ್ಲ ಸಾರ್,” ಎಂದೆ.

ಡಾಕ್ಟರು ಫಿಟ್ಸ್ ಎಂದು ಬರೆದು ಮಾತ್ರೆ ಕೊಟ್ಟರು.

ಮನೆಗೆ ಬಂದ ಮೇಲೆ ಕಾರ್ಡುಗಳನ್ನು ಸೌದೆಕೊಟ್ಟಿಗೆಯಲ್ಲಿ ಅಡಗಿಸಿದೆ. ಎರಡು ದಿನ ಅಕ್ಕ ಮನೆಯೆಲ್ಲ ತಡಕಾಡಿದಳು. ಮೂರನೆಯ ದಿನ ನನ್ನ ಮುಂದೆ ಕೂತು ಅತ್ತಳು. “ನೀನು ಎತ್ತಿಟ್ಟಿದ್ರೆ ಕೊಡೋ. ಪರೀಕ್ಷೆ ಹತ್ರ ಬಂತು. ನನ್ನ ಕೈಯಲ್ಲಿ ಇರೋದು ಅದೊಂದೇ ಅಲ್ವನೋ?” ಕೊಡದೇ ಇರಬೇಕಾದರೆ ಕಾರಣ ಹೇಳಬೇಕಿತ್ತು. ಹೇಳಲಾರದೆ ಕೊಟ್ಟೆ. ಅವಳು ಕಣ್ಣೊರೆಸಿಕೊಂಡು ಒಂದನ್ನು ಹಲ್ಲಲ್ಲಿ ಕಚ್ಚಿ ಕಂತೆಯನ್ನು ಎಣಿಸತೊಡಗಿದಳು. ನಾನು ಕೆಲಸಕ್ಕೆ ಹೋದೆ.

ನಾಲ್ಕು ತಿಂಗಳು ಬದುಕಿದ್ದಳು. ಮೂರನೆಯ ಸಲ ಫಿಟ್ಸ್ ಬಂದದ್ದು ಬೆಳಿಗ್ಗೆ, ಬಚ್ಚಲಿನಲ್ಲಿ. ಅವ್ವ ಕೂಗುವ ಹೊತ್ತಿಗೆ ಮುಗಿದಿತ್ತು. ರಟ್ಟಿನಿಂದಲೇ ಆಯಿತೋ, ನನ್ನ ಅಂಗಿಯಿಂದ ಆಯಿತೋ, ಅವಳಿಗೆ ಬೇರೆ ಕಾಯಿಲೆಯೇ ಇತ್ತೋ, ಹೇಳುವಷ್ಟು ಓದು ನನಗಿಲ್ಲ. ಹೇಳಬಲ್ಲವರು ಕೇಳಿದಾಗ ನಾನು ಇಲ್ಲ ಎಂದೆ. ನನಗೆ ಗೊತ್ತಿರುವುದು ಅಷ್ಟು.

ಮಣ್ಣು ಮಾಡಿ ಬಂದ ಮೂರನೆಯ ದಿನ ಮಕ್ಕಳೆಲ್ಲ ಬಂದರು. “ಅಣ್ಣಾ, ಅಕ್ಕನ ಕಾರ್ಡು ನಮಗೆ ಕೊಡಿ. ನಾವು ಹಂಚ್ಕೋತೀವಿ,” ಎಂದಳು ಗ್ಯಾರೇಜಿನ ಹುಡುಗಿ. ನಾನು ಕಂತೆಯನ್ನು ಅಂಗಳಕ್ಕೆ ತಂದು ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದೆ. ಹೊಗೆ ದಟ್ಟವಾಗಿ ಎದ್ದಿತು. “ದೂರ ಹೋಗಿ!” ಎಂದು ಅರಚಿ ಮಕ್ಕಳನ್ನು ಅಟ್ಟಿದೆ. ಹುಡುಗಿ ಬೇಲಿಯಾಚೆ ನಿಂತು ಅಳುತ್ತಾ, “ಓದಕ್ಕೆ ಬರದೋರಿಗೆ ಅದ್ರ ಬೆಲೆ ಎಲ್ಲಿ ಗೊತ್ತಾಗುತ್ತೆ!” ಎಂದು ಕೂಗಿದಳು. ಅಕ್ಕನ ಓದನ್ನು ಕಂಡರಾಗದ ತಮ್ಮ ಅವಳ ಪಾಠವನ್ನೇ ಸುಟ್ಟ ಎಂದು ಊರಲ್ಲಿ ಮಾತಾಯಿತು. ನಾನು ಅಲ್ಲವೆನ್ನಲಿಲ್ಲ. ಆ ಮಾತಿನ ಮರೆ ನನಗೆ ಬೇಕಾಗಿತ್ತು.

ಆ ಹುಡುಗಿ ಈಗ ಮೂಡಿಗೆರೆ ಕಡೆಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರು. ಹೋದ ತಿಂಗಳು ಆಲ್ದೂರಿನ ಬಸ್‌ಸ್ಟಾಂಡಿನಲ್ಲಿ ಸಿಕ್ಕಿ, ತಾನಾಗಿಯೇ ಮಾತಾಡಿಸಿದಳು. ಶಾಲೆಯವರು ವರ್ಷಕ್ಕೊಮ್ಮೆ ತರುವ ಪುಸ್ತಕದಲ್ಲಿ ತನ್ನ ಗುರುವಿನ ಬಗ್ಗೆ ಹಾಕಬೇಕೆಂದಿದೆ, ಗೊತ್ತಿದ್ದಷ್ಟು ಬರೆದುಕೊಡಿ ಎಂದಳು. ಆಮೇಲೆ ಚೀಲದಿಂದ ಒಂದು ಕಾರ್ಡು ತೆಗೆದಳು. ನಾನು ಸುಡುವ ಮೊದಲೇ ಮನೆಗೆ ಒಯ್ದಿದ್ದಳಂತೆ.

“ನೀವು ಎಲ್ಲ ಸುಟ್ರಿ ಅಣ್ಣ. ಇದೊಂದು ಉಳೀತು. ಕ್ಲಾಸಲ್ಲಿ ಅಕ್ಕನ ಹಾಗೇ ಹಲ್ಲಲ್ಲಿ ಕಚ್ಕೊಂಡು ಪಾಠ ಮಾಡ್ತೀನಿ. ಮಕ್ಳು ಎಷ್ಟು ನಗ್ತಾವೆ ಗೊತ್ತಾ? ನಮಗೂ ಕೊಡಿ ಮಿಸ್ ಅಂತ ಕಿತ್ಕೋತಾವೆ.”

ಬಸ್ಸು ಬಂತು. ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಹತ್ತಿ ಹೋದಳು.

ತಂಗೀ, ನೀನು ಕೇಳಿದ ಬರಹ ಇದು. ಪುಸ್ತಕಕ್ಕೆ ಹಾಕುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಮೊದಲು ಆ ಕಾರ್ಡನ್ನು ಮಕ್ಕಳ ಕೈಯಿಂದ ತೆಗೆದುಕೋ. ಆಳವಾಗಿ ಗುಂಡಿ ತೋಡಿ ಹೂತುಬಿಡು. ಸೋಪು ಹಾಕಿ ಕೈ ತೊಳೆ, ಬಾಯಿ ಮುಕ್ಕಳಿಸು, ಮಕ್ಕಳ ಕೈಯನ್ನೂ ತೊಳೆಸು. ಆಮೇಲೆ ಬಂದು ನನಗೆ ಏನು ಅನ್ನಬೇಕೋ ಅನ್ನು.