ವಕೀಲ ಸಾಹೇಬರು ಕಟ್ಟಿಸಿದ ಪಾಯಖಾನೆ

ಅಣ್ಣಿಗೇರಿ ಬಾಜೂದ ಹಳ್ಳಿಯೊಂದರಲ್ಲಿ ನಾನು ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಆಗಿದ್ದೆ. ನಮ್ಮ ಶಾಸಕರ ಸತ್ಕಾರ ಅಲ್ಲೇ ಆಗಬೇಕೆಂದು ಊರ ಹಿರಿಯರು ನಿಶ್ಚಯಿಸಿದರು. ಅವರ ಸೇವೆಯನ್ನು ಬಣ್ಣಿಸಿ ಓದುವ ಕೆಲಸ ನನ್ನ ಕೊರಳಿಗೆ ಬಿತ್ತು.

ವಿವರ ಕೇಳಲು ಮನೆಗೆ ಹೋದರೆ ಅವರೇ ಹೇಳಿ ಬರೆಸತೊಡಗಿದರು. ಶಾಸಕರಾದರೂ ವಕೀಲಿಕೆಯ ಚಾಳಿ ಹೋಗಿರಲಿಲ್ಲ. ಎದುರಿಗೆ ಕೂತವರೆಲ್ಲ ಅವರಿಗೆ ಸಾಕ್ಷಿಗಳೇ.

"ನಿಮ್ಮ ಸಾಲಿಗೆ ಪಾಯಖಾನಿ ಕಟ್ಟಿಸೇನಿ. ಬರಕೊಳ್ರಿ."

"ಎಲ್ಲೈತ್ರಿ ಸಾಹೇಬ್ರ? ಅದಿಲ್ಲಂತನ ದೊಡ್ಡ ಹುಡುಗ್ಯಾರು ಸಾಲಿ ಬಿಡಾಕತ್ತಾರ್ರಿ."

"ಮಂಜೂರಿ ಕಾಗದ ಬಂದೈತಿಲ್ಲೋ? ಹೌದೋ ಅಲ್ಲೋ, ಅಷ್ಟ ಹೇಳ್ರಿ."

"ಹೌದ್ರಿ, ಆದರ..."

"ಆದರ-ಗೀದರ ಬ್ಯಾಡ್ರಿ ಅಕ್ಕೋರ. ಬರೀರಿ."

ಬರೆದೆ. ಸತ್ಕಾರದ ದಿನ ಅದನ್ನೇ ಗಟ್ಟಿಯಾಗಿ ಓದಿದೆ. ಚಪ್ಪಾಳೆಯೂ ಬಿತ್ತು. ಹಾರ, ಭಾಷಣ, ಮತ್ತೆ ಹಾರ. ನಡುನಡುವೆ ಮೂರು ಸಲ ಚಹಾ. ಕೊನೆಗೆ ಸಾಹೇಬರು ಕುರ್ಚಿಯಲ್ಲಿ ಮಿಸುಕಾಡಿ ನನ್ನ ಕಡೆ ಬಾಗಿದರು.

"ಅಕ್ಕೋರ, ಒಂದಕ್ಕ ಹೋಗಬೇಕಲ್ರಿ. ಎಲ್ಲೈತಿ?"

"ಕಟ್ಟಿಸಿದವರು ನೀವ ಅಲ್ರಿ? ಹೌದೋ ಅಲ್ಲೋ, ಅಷ್ಟ ಹೇಳ್ರಿ," ಎಂದೆ.

ಸಾಹೇಬರು ಎದ್ದು ನಿಂತು ಸುತ್ತಲೂ ಕಣ್ಣಾಡಿಸಿದರು. ಶಾಲೆಯ ಸುತ್ತ ಬರೀ ಎರೆಹೊಲ, ಗೇಣುದ್ದದ ಕಡಲೆ. ಮರೆಗೆ ಒಂದು ಗಿಡವಿಲ್ಲ, ನೋಡಲು ಇಡೀ ಊರೇ ನೆರೆದಿತ್ತು. ಕೊರಳಿನ ಹಾರವನ್ನೂ ತೆಗೆಯದೆ ಜೀಪಿನತ್ತ ಓಡಿದರು.

ಹದಿನೈದು ದಿನದಲ್ಲಿ ಇಟ್ಟಿಗೆ ಬಂದು ಬಿದ್ದವು. ಹುಡುಗಿಯರು ಶಾಲೆ ಬಿಡುತ್ತಿದ್ದಾರೆಂದು ನಾನು ಬರೆದ ಅಷ್ಟೂ ಅರ್ಜಿಗಳಿಂದ ಆಗದ ಸಾರ್ವಜನಿಕ ಸೇವೆ ಮೂರು ಕಪ್ಪು ಚಹಾದಿಂದ ಆಯಿತು.