ಕಾವೇರಮ್ಮನ ಹೆಬ್ಬೆಟ್ಟು

ನಮ್ಮ ರಾಮನಗರದಲ್ಲಿ ಈಗ ಯಾರ ಬಾಯಲ್ಲಿ ನೋಡಿದರೂ ಮನೆ, ಸೈಟು, ಖಾತೆ, ಇಷ್ಟೇ. ಎಕ್ಸ್‌ಪ್ರೆಸ್ ರಸ್ತೆ ಬಂತು, ಜಿಲ್ಲೆಗೆ ಬೆಂಗಳೂರಿನ ಹೆಸರು ಬಂತು, ಇನ್ನು ಮೆಟ್ರೋ ಬೇರೆ ಬರುತ್ತದಂತೆ. ಮೊನ್ನೆಮೊನ್ನೆವರೆಗೆ ಕುರಿ ಕಟ್ಟುತ್ತಿದ್ದ ಜಾಗಕ್ಕೂ ಜನ ಬೆಂಗಳೂರಿನ ರೇಟು ಹೇಳುತ್ತಾರೆ. ಕೊಳ್ಳುವವನು ಕೇಳಿಯೇ ಬೆವರುತ್ತಾನೆ. ಮಾರುವವನು ಇನ್ನೂ ಏರಲಿ ಎಂದು ಗೇಟಿಗೆ ಬೋರ್ಡು ತಗುಲಿಸಿ ಕಾಯುತ್ತಾನೆ. ನಾನು ರಹೀಮಾ. ಗಂಡ ಹಬೀಬನ ಜೊತೆ ಸೇರಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಸಣ್ಣ ಕಾರ್ಖಾನೆ ನಡೆಸುತ್ತೇನೆ. ನನ್ನ ಬಾಯಿ ಜೋರು ಎಂದು ಬೀದಿಯವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಕಾವೇರಮ್ಮನ ವಿಷಯವನ್ನು ಮೆತ್ತಗೆ ಹೇಳಲು ನನ್ನಿಂದ ಆಗುವುದಿಲ್ಲ.

ಕಾವೇರಮ್ಮ ನಮ್ಮ ಎದುರು ಮನೆಯವಳು, ನಮ್ಮ ಕಾರ್ಖಾನೆಯಲ್ಲೇ ಕೆಲಸ ಮಾಡುವವಳು. ಅವಳನ್ನು ಉಯ್ಯಂಬಳ್ಳಿ ಕಡೆಗೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಇವಳು ಒಂದು ಟ್ರಂಕು ಹಿಡಿದು ತವರಿಗೆ ಬಂದಳು. ಮಕ್ಕಳಿಲ್ಲ. ಅಪ್ಪ ಮುನಿಯಪ್ಪ ಆಗ ಬದುಕಿದ್ದ. ಹಿತ್ತಲ ಕಡೆಯ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟು, "ಇದು ನಿಂದೇ ಕಣವ್ವ, ಯಾರೂ ಏಳು ಅನ್ನಂಗಿಲ್ಲ" ಎಂದು ನಮ್ಮೆಲ್ಲರ ಎದುರಿಗೆ ಹೇಳಿದ. ಬರೀ ಬಾಯಿಮಾತು, ಒಂದು ಚೀಟಿಯೂ ಇಲ್ಲ. ಅಪ್ಪ ಸತ್ತ. ಆ ಕೋಣೆ ಬಿಟ್ಟರೆ ಕಾವೇರಮ್ಮನಿಗೆ ಈ ಭೂಮಿಯ ಮೇಲೆ ಬೇರೆ ಸೂರಿಲ್ಲ.

ತಮ್ಮ ಬಾಲರಾಜು ಟೆಂಪೋ ಓಡಿಸುತ್ತಾನೆ. ಕೆಟ್ಟವನೇನಲ್ಲ, ಆದರೆ ಪುಸಲಾಯಿಸುವವರು ಸಿಕ್ಕರೆ ಉಬ್ಬುತ್ತಾನೆ. ಅವನನ್ನು ಉಬ್ಬಿಸಿದವನು ದೊಡ್ಡಹನುಮಯ್ಯ. ಮೊದಲು ದನದ ವ್ಯಾಪಾರ ಮಾಡುತ್ತಿದ್ದ, ಈಗ ಮನೆ ಬ್ರೋಕರ್. ಹಸುವಿನ ಹಲ್ಲು ಹಿಡಿದು ನೋಡುತ್ತಿದ್ದ ಹಾಗೆಯೇ ಗೋಡೆ ತಟ್ಟಿ ನೋಡಿದ. "ಏನ್ಲಾ ಬಾಲ, ಚಿನ್ನದ್ ಮೇಲೆ ಕುಂತಿದ್ದೀಯ. ಈ ಹಳೇದ್ ಕೊಟ್ಬುಟ್ಟು ಊರಾಚೆ ಸೈಟ್ ತಗೊ, ಹೊಸ್ ಮನೆ ಎಬ್ಬಿಸು" ಎಂದ. ಸರಿ, ಇವನ ತಲೆ ತಿರುಗಿತು.

ಕೊಳ್ಳಲು ಬಂದವಳು ಭಾನುಪ್ರಿಯ. ಗಂಡ ಹೆಂಡತಿ ಇಬ್ಬರೂ ಬಿಡದಿ ಕಡೆ ಫ್ಯಾಕ್ಟರಿಯಲ್ಲಿ ದುಡಿಯುವವರು, ಕೈಯಲ್ಲೊಂದು ಕೂಸು. ಪಾಪ, ಅವರನ್ನು ಬೈಯಲಾರೆ. ಚನ್ನಪಟ್ಟಣ, ಮಾಗಡಿ ಎಲ್ಲ ಅಲೆದು ಸೋತಿದ್ದರು. ಒಂದು ಕಡೆ ಖಾತೆ ಸರಿಯಿಲ್ಲ, ಇನ್ನೊಂದು ಕಡೆ ಅದೇ ಮನೆಗೆ ಇಬ್ಬರಿಂದ ಅಡ್ವಾನ್ಸು ಇಸಿದುಕೊಂಡ ಪುಣ್ಯಾತ್ಮ. ಅದಕ್ಕೇ ಅವರ ಬ್ಯಾಂಕಿನ ವಕೀಲ ಖಡಾಖಂಡಿತವಾಗಿ ಹೇಳಿದ: ಮನೆ ಸತ್ತ ಅಪ್ಪನ ಹೆಸರಿನಲ್ಲಿದೆ, ಮಗಳಿಗೂ ಹಕ್ಕಿದೆ, ಆಕೆ ಹಕ್ಕು ಬಿಟ್ಟುಕೊಟ್ಟು ಹೆಬ್ಬೆಟ್ಟು ಒತ್ತಿದರೆ ಮಾತ್ರ ಸಾಲ.

ಅವತ್ತು ಕಾರ್ಖಾನೆಯಲ್ಲಿ ಬಿಸಿನೀರಿನ ಬಾಣಲೆಯ ಪಕ್ಕ ಕಾವೇರಮ್ಮನನ್ನು ಹಿಡಿದು ನಿಲ್ಲಿಸಿದೆ. "ಬಾಯ್ಬಿಟ್ಟು ಪಾಲು ಕೇಳು. ಇಲ್ಲಾ ಅಂದ್ರೆ ಆ ಕೋಣೆನಾದ್ರೂ ಬರೆಸ್ಕೊ" ಎಂದೆ.

"ಪಾಲು ತಗಂಡ್ ಮೇಲೆ ತವರು ಎಲ್ ಇದ್ದದು ರಹೀಮಕ್ಕ? ನಾಳೆ ನಾನ್ ಸತ್ರೆ ಎತ್ತಾಕೋನು ಅವ್ನೇ ಅಲ್ವಾ? ಹೊಸ್ ಮನೇಲಿ ನಂಗೇ ಅಂತ ಒಂದ್ ರೂಮ್ ಕಟ್ಟಿಸ್ತೀನಿ ಅಂತ ಕಬ್ಬಾಳಮ್ಮನ್ ಮೇಲೆ ಆಣೆ ಮಾಡವ್ನೆ" ಎಂದಳು.

ನನಗೆ ಮೈಯೆಲ್ಲ ಉರಿಯಿತು. ನಮ್ಮಲ್ಲಿ ಹೆಣ್ಣಿಗೆ ಇಷ್ಟು ಎಂದು ಕಿತಾಬಿನಲ್ಲೇ ಇದೆ. ಹಂಚುವ ದಿನ ನಮ್ಮಣ್ಣಂದಿರಿಗೆ ಕಿತಾಬು ಮರೆತುಹೋಗಿತ್ತು. ನಾನು ಜಗಳವಾಡಿದೆ, ಇವತ್ತಿಗೂ ಅವರು ನನ್ನ ಮನೆ ಮೆಟ್ಟಿಲು ಹತ್ತುವುದಿಲ್ಲ. ಅದು ಕಾವೇರಮ್ಮನಿಗೂ ಗೊತ್ತಿತ್ತು. ನನ್ನನ್ನು ನೋಡಿಯೇ ಅವಳು ಹೆದರಿದ್ದಳೋ ಏನೋ.

ರಿಜಿಸ್ಟ್ರಾರ್ ಆಫೀಸಿಗೆ ಜೊತೆಗೆ ಬಾ ಎಂದು ಅವಳೇ ಕರೆದಳು, ಹೋದೆ. ಕಂಪ್ಯೂಟರಿನ ಮುಂದೆ ಕೂರಿಸಿ, ಪುಟ್ಟ ಗಾಜಿನ ಮೇಲೆ ಹೆಬ್ಬೆಟ್ಟು ಇಡಿಸಿದರು. ಯಂತ್ರ ಗುರುತು ತೆಗೆದುಕೊಳ್ಳಲಿಲ್ಲ. ಎಡಗೈ ಇಡಿಸಿದರು, ಆಗಲೂ ಇಲ್ಲ. ಬಾಲರಾಜು ತನ್ನ ಟವೆಲ್ಲಿನಿಂದ ಅಕ್ಕನ ಬೆರಳುಗಳನ್ನು ಒಂದೊಂದಾಗಿ ಒರೆಸಿ ಒತ್ತಿಸಿದ. ಕೆಂಪು ದೀಪವೇ ಉರಿಯಿತು. ತೆಗೆದುಕೊಳ್ಳುವುದಾದರೂ ಹೇಗೆ? ಬೇಯುವ ಗೂಡಿನ ಎಳೆ ಹುಡುಕಲು ದಿನವಿಡೀ ಸುಡುನೀರಿಗೆ ಬೆರಳು ಅದ್ದುವ ಕೆಲಸ ನಮ್ಮದು. ವರ್ಷಗಟ್ಟಲೆ ಅದ್ದಿದವರ ಬೆರಳ ತುದಿ ಬಿಳಿಚಿಕೊಂಡು ನುಣ್ಣಗಾಗುತ್ತದೆ, ಗೆರೆಗಳೇ ಇರುವುದಿಲ್ಲ. "ಅಮ್ಮ, ಒಂದಷ್ಟು ದಿವಸ ನೀರಿಗೆ ಕೈ ಹಾಕ್ಬೇಡಿ. ಗೆರೆ ಬಂದ್ ಮೇಲೆ ಬನ್ನಿ" ಎಂದು ಗುಮಾಸ್ತ ಕಳಿಸಿದ.

ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಹೊರಗೆ ಬಂದು, "ನಿನ್ ಬೆರಳಿಗಿರೋ ಬುದ್ಧಿ ನಿನಗಿಲ್ವಲ್ಲೇ! ಅದೇ ಬೇಡ ಅಂತಿದೆ, ಇನ್ನಾದ್ರೂ ಯೋಚ್ನೆ ಮಾಡು" ಎಂದೆ. ಅವಳು ತನ್ನ ಹೆಬ್ಬೆಟ್ಟನ್ನು ನೋಡಿಕೊಂಡು, ಏನೋ ತಪ್ಪು ಮಾಡಿದವಳಂತೆ ಸೆರಗಿನಲ್ಲಿ ಮುಚ್ಚಿಕೊಂಡಳು.

ಮಾರನೆಯ ದಿನದಿಂದ ಕೆಲಸಕ್ಕೆ ಬರಲಿಲ್ಲ. ಕೂಲಿ ಹೋದರೆ ಹೋಗಲಿ ಎಂದು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಜಗಲಿಯ ಮೇಲೆ ಕೂತಳು. ಅಯ್ಯೋ, ಆ ಮನೆಯಲ್ಲಿ ಅವಳಿಗೆ ಆಗ ನಡೆದ ಉಪಚಾರ ನೋಡಬೇಕಿತ್ತು! ಬಾಲರಾಜುವಿನ ಹೆಂಡತಿ ಜ್ಯೋತಿಲಕ್ಷ್ಮಿ, ಅಷ್ಟು ವರ್ಷ ಇವಳಿಂದ ರಾಶಿ ಪಾತ್ರೆ ತಿಕ್ಕಿಸಿದವಳು, "ಅತ್ಗೆ, ನೀವು ನೀರ್ ಮುಟ್ಬೇಡಿ" ಎಂದು ಮುದ್ದೆ ಸಾರು ಇವಳು ಕೂತಲ್ಲಿಗೇ ತಂದು ಕೊಟ್ಟಳು. ತಿಂದ ತಟ್ಟೆಯನ್ನೂ ತಾನೇ ಎತ್ತಿದಳು. ತಮ್ಮ ಸಂಜೆ ಬಂದು ಅಕ್ಕನ ಕೈ ಹಿಡಿದು ನೋಡುತ್ತಿದ್ದ. ಕಾವೇರಮ್ಮನ ಮುಖಕ್ಕೆ ಕಳೆ ಬಂತು. ಮದುವಣಗಿತ್ತಿಯಂತೆ ನಗುನಗುತ್ತಾ ನನ್ನ ಹತ್ತಿರ ಬಂದು, ಬೆಳಕಿಗೆ ಹೆಬ್ಬೆಟ್ಟು ಹಿಡಿದು, "ಒಸಿ ಗೆರೆ ಬಂದಂಗೈತೆ ಅಲ್ವಾ ಅಕ್ಕ?" ಎನ್ನುತ್ತಿದ್ದಳು.

"ಎಲ್ಲಿ ಬಂತು? ಮಣ್ಣು" ಎನ್ನುತ್ತಿದ್ದೆ. ಬಂದಿತ್ತು. ಕೂದಲೆಳೆಯಷ್ಟು ಸಣ್ಣಗೆ, ಸುತ್ತಿ ಸುತ್ತಿ ಬಂದಿತ್ತು.

ಎರಡನೆಯ ಸಲ ಹೋದಾಗ ಹಸಿರು ದೀಪ ಉರಿಯಿತು. ಬಾಲರಾಜು ಅಲ್ಲೇ ಅಕ್ಕನ ಕಾಲಿಗೆ ಬಿದ್ದ. ಅರಿಶಿನ ಕುಂಕುಮದ ಜೊತೆ ಒಂದು ಸೀರೆ ಕೊಟ್ಟ. ನಮ್ಮ ಕಡೆ ಹೆಣ್ಣುಮಕ್ಕಳ ಪಾಲಿಗೆ ಸಿಗುವುದು ಅಷ್ಟೇ. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು. ನಾನು ಅತ್ತ ಮುಖ ತಿರುಗಿಸಿದೆ.

ಆಮೇಲೆ ಬಂತು ಆಷಾಢ. ಮನೆಯನ್ನು ಆಷಾಢಕ್ಕೆ ಮುಂಚೆ ಅವಸರ ಅವಸರವಾಗಿ ಮಾರಿದ ಬಾಲರಾಜು, ಆಷಾಢದಲ್ಲಿ ಸೈಟು ಕೊಳ್ಳಬಾರದೆಂದು ಕೈಕಟ್ಟಿ ಕೂತ. ಶ್ರಾವಣ ಹುಟ್ಟಿ, ಇವನು ಹೂವು ಹಣ್ಣು ಹಿಡಿದು ಹೋಗುವಷ್ಟರಲ್ಲಿ ಸೈಟಿನವನು ರೇಟು ಏರಿಸಿದ್ದ. ಕನಕಪುರ ರಸ್ತೆಯಲ್ಲಿ ವಿಚಾರಿಸಿದ, ಸಾತನೂರಿನವರೆಗೂ ಹೋಗಿ ಬಂದ. ಬಂದ ದುಡ್ಡಿಗೆ ಸೈಟು ಸಿಕ್ಕರೆ ಮನೆ ಕಟ್ಟಲು ಇಲ್ಲ, ಕಟ್ಟಲು ಉಳಿಸಿಕೊಂಡರೆ ಸೈಟಿಲ್ಲ. ತಾನು ಮಾರುವಾಗ ಸಿಹಿಯಾಗಿದ್ದ ರೇಟು ಕೊಳ್ಳುವಾಗ ಗಂಟಲಿಗೆ ಸಿಕ್ಕಿಕೊಂಡಿತು. ದೊಡ್ಡಹನುಮಯ್ಯ ಕಮಿಷನ್ ಎಣಿಸಿಕೊಂಡವನು ಫೋನೇ ಎತ್ತಲಿಲ್ಲ. ಕೊನೆಗೆ ಭಾನುಪ್ರಿಯಳಿಗೆ ಮನೆ ಬಿಟ್ಟುಕೊಡುವ ದಿನ ಬಂದಾಗ ಬಾಲರಾಜು ಚನ್ನಪಟ್ಟಣದಲ್ಲಿ ಬೆಂಕಿಪೊಟ್ಟಣದಂಥ ಬಾಡಿಗೆ ಮನೆ ಹಿಡಿದ. ಹೆಂಡತಿ ಮಕ್ಕಳು ಮಲಗಿದರೆ ಕಾಲಿಡಲು ಜಾಗವಿಲ್ಲ. "ಒಂದೆರಡು ತಿಂಗ್ಳು ಎಲ್ಲಾರಾ ಸುಧಾರಿಸ್ಕೊ ಅಕ್ಕ, ಬಂದು ಕರ್ಕೊಂಡೋಯ್ತೀನಿ" ಎಂದು ಹೋದ.

ನಾನೂ ಅವಳೂ ಬೀದಿ ಬೀದಿ ಕೋಣೆ ಹುಡುಕಿದೆವು. ಬಾಡಿಗೆ ಕೇಳಿದರೆ ಅವಳ ತಿಂಗಳ ಕೂಲಿಯೇ ಹೋಗುತ್ತದೆ. ಕಡಿಮೆ ಬಾಡಿಗೆಯ ಕಡೆ ಒಂಟಿ ಹೆಂಗಸಿಗೆ ಕೊಡುವುದಿಲ್ಲ ಎಂದರು. ನಮ್ಮ ಕಾರ್ಖಾನೆಯ ಅಟ್ಟದಲ್ಲಿ ಇರು ಎಂದೆ. ಆ ಹಬೆ, ಆ ಸತ್ತ ಹುಳುವಿನ ವಾಸನೆಯಲ್ಲಿ ನಾಯಿಯೂ ಮಲಗುವುದಿಲ್ಲ, ನನಗೂ ಗೊತ್ತು. ಕಡೆಗೆ ಭಾನುಪ್ರಿಯಳೇ, "ಆಂಟಿ, ನಾವು ಕೆಲಸಕ್ಕೆ ಹೋದಾಗ ಮಗು ನೋಡ್ಕೊಳ್ಳಿ, ಮನೆಕೆಲಸ ಮಾಡಿ. ಹಿಂದಿನ ರೂಮಲ್ಲೇ ಇದ್ಬಿಡಿ" ಎಂದಳು. ಹೀಗೆ ಕಾವೇರಮ್ಮ ಅಪ್ಪ ಕೊಟ್ಟ ಕೋಣೆಗೆ ಕೆಲಸದವಳಾಗಿ ಸೇರಿಕೊಂಡಳು. ಅದನ್ನೇ ದೊಡ್ಡ ಅದೃಷ್ಟ ಎಂಬಂತೆ ನನಗೆ ಬಂದು ಹೇಳಿದಳು. ಏನು ಹೇಳಲಿ ಇಂಥವಳಿಗೆ?

ಗೌರಿ ಹಬ್ಬದ ದಿನ ಭಾನುಪ್ರಿಯ ಗಂಡ, ಮಗುವಿನ ಜೊತೆ ತನ್ನ ತವರಿಗೆ ಹೋಗಿದ್ದಳು. ಮಧ್ಯಾಹ್ನ ಬಾಲರಾಜು ಹೂವು, ಬಳೆ, ಬಾಗಿನ ಹಿಡಿದು ಬಂದ. ಹಬ್ಬಕ್ಕೆ ಅಕ್ಕನಿಗೆ ಕೊಡಬೇಕಲ್ಲ. ಹೊಸದಾಗಿ ಹಾಕಿಸಿದ್ದ ಕಬ್ಬಿಣದ ಗೇಟಿಗೆ ಒಳಗಿನಿಂದ ಬೀಗ. ನಾನು ಎದುರಿನ ಬಾಗಿಲಲ್ಲೇ ಕೂತಿದ್ದೆ.

"ಅಕ್ಕಾ, ಗೇಟ್ ತೆಗಿ."

"ಆಯಮ್ಮ ಇಲ್ಲ ಕಣಪ್ಪ. ನಾವಿಲ್ದಾಗ ಯಾರ್ನೂ ಒಳೀಕ್ ಬುಡ್ಬೇಡಿ ಅಂದವ್ರೆ."

"ಯಾರ್ನೂ ಅಂದ್ರೆ? ನಾನ್ ಹುಟ್ಟಿದ್ ಮನೆ ಕಣಕ್ಕ ಇದು!"

"ನಾನೂ ಇಲ್ಲೇ ಹುಟ್ಟಿದ್ದು ಕಣಪ್ಪ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನ್ನ ಹೊಟ್ಟೆಯಾದರೂ ತಣ್ಣಗಾಗುತ್ತಿತ್ತು. ಅವಳು ಸರಳುಗಳ ನಡುವೆ ಕೈ ಚಾಚಿದಳು. ಬಾಗಿನ ತೂರಲಿಲ್ಲ. ಹೂವು ಬಳೆ ಮಾತ್ರ ತೆಗೆದುಕೊಂಡಳು. ಬಾಲರಾಜು ಗೇಟು ಹಿಡಿದು ನಿಂತೇ ಇದ್ದ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಹಂಗ್ ನಿಂತ್ಕಬ್ಯಾಡ ಕಣಪ್ಪ. ಕ್ಯಾಮೆರಾದಲ್ಲಿ ಅವ್ರಿಗೆ ಕಾಣ್ತದೆ. ನಂಗೂ ಇರಬ್ಯಾಡ ಅಂದ್ಬುಟ್ರೆ ಎಲ್ಲಿಗ್ ಹೋಗ್ಲಿ?" ಎಂದಳು.

ಅವನು ಬಾಗಿನ ಎತ್ತಿಕೊಂಡು ಬೀದಿ ಮೂಲೆ ತಿರುಗಿದ. ಕಾವೇರಮ್ಮ ಬೀಗ ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿ ಒಳಗೆ ಹೋದಳು.