ಹೊಲಿದ ಗ್ಲೌಸು

ಬಾಂಬ್ ಶೆಲ್ಟರಿನ ದಪ್ಪ ಬಾಗಿಲು ತೆಗೆದ ಕೂಡಲೇ ಆ ವಾಸನೆ ಬಂತು. ಬೆವರಲ್ಲಿ ನೆಂದು ಒಣಗಿ, ಮತ್ತೆ ನೆಂದು ಒಣಗಿದ ತೊಗಲಿನ ವಾಸನೆ. ಯುದ್ಧ ಬಂದರೆ ಇರಲಿ ಎಂದು ಈ ದೇಶದ ಫ್ಲ್ಯಾಟುಗಳ ಒಳಗೇ ಕಟ್ಟಿಸುವ ಶೆಲ್ಟರ್ ಅದು; ಜುರಾಂಗ್ ವೆಸ್ಟಿನ ನಮ್ಮ ಫ್ಲ್ಯಾಟಿನಲ್ಲಿ ಹಳೇ ಸಾಮಾನು ತುಂಬುವ ಕೋಣೆ. ಸೂಟ್‌ಕೇಸುಗಳ ಹಿಂದೆ ಮಗಳ ಐಸ್ ಹಾಕಿ ಆಟದ ಗ್ಲೌಸು ಬಿದ್ದಿತ್ತು. ಅಂಗೈ ಭಾಗಕ್ಕೆ ಬೇರೆ ಬಣ್ಣದ ತೊಗಲು ಇಟ್ಟು, ದಪ್ಪ ದಾರದಲ್ಲಿ ಕೈಯಿಂದ ಹೊಲಿದದ್ದು. ಹೊಲಿದವರು ಅವಳ ಕೋಚ್...

ಅವರು ಸ್ಲೊವಾಕಿಯಾದವರು. ಅಲ್ಲಿನ ಲೀಗುಗಳಲ್ಲಿ ವರ್ಷಗಟ್ಟಲೆ ಫಾರ್ವರ್ಡ್ ಆಗಿ ಆಡಿ, ಮಂಡಿ ಸೋತ ಮೇಲೆ ಬೇಸಿಗೆಯೇ ಮುಗಿಯದ ಈ ಊರಿಗೆ ಮಕ್ಕಳಿಗೆ ಕಲಿಸಲು ಬಂದಿದ್ದರು. ಶನಿವಾರದ ಪ್ರಾಕ್ಟೀಸ್ ಮುಗಿದರೆ ರಿಂಕ್ ಎಂಬ ಮಂಜುಗಡ್ಡೆಯ ಅಂಗಳದ ಬೆಂಚಿನಲ್ಲಿ ಕೂತು ಮಕ್ಕಳ ಹರಿದ ಗ್ಲೌಸು ಹೊಲಿಯುತ್ತಿದ್ದರು. ಹೊಸದು ತರಿಸುತ್ತೇವೆ ಅಂದರೆ ಕೇಳುತ್ತಿರಲಿಲ್ಲ. ಬಲಗೈಯ ಎರಡು ಬೆರಳು ಸೊಟ್ಟಗಿದ್ದವು, ಸೂಜಿ ಹಿಡಿಯಲು ಒದ್ದಾಡುತ್ತಿದ್ದರು.

ನಾನು ಮಾಡಿದ್ದೇನು? ಕೆಲಸ ಮುಗಿಸಿ ಜುರಾಂಗ್ ಐಲ್ಯಾಂಡಿನಿಂದ ಬರುವ ಕಂಪನಿ ಬಸ್ಸಿನಲ್ಲಿ ಕೂತು ಅವರ ಹೆಸರನ್ನು ನೆಟ್ಟಿನಲ್ಲಿ ಹುಡುಕಿದೆ. ಪ್ರತಿ ಸೀಸನ್ನಿನ ಪಟ್ಟಿ ಅಲ್ಲಿತ್ತು. ಪಂದ್ಯಗಳು ರಾಶಿ, ಗೋಲುಗಳು ಬೆರಳೆಣಿಕೆ. ಎಸ್ಸೆಸ್ಸೆಲ್ಸಿಯಿಂದ ಇಂಜಿನಿಯರಿಂಗ್‌ವರೆಗೆ ಮಾರ್ಕ್ಸ್ ಕಾರ್ಡ್ ತೋರಿಸಿಕೊಂಡೇ ಬೆಳೆದ ನನಗೆ ಅದು ಫೇಲಾದವನ ಕಾರ್ಡಿನಂತೆ ಕಂಡಿತು. ಮಗಳಿಗೂ ಅವರು ಗೋಲು ಹೊಡೆಯುವುದಕ್ಕಿಂತ, ಎದುರಾಳಿ ಬೀಸಿ ಹೊಡೆದ ಪಕ್ ಎಂಬ ರಬ್ಬರ್ ಬಿಲ್ಲೆಗೆ ಅಡ್ಡ ಬೀಳುವುದನ್ನೇ ಹೆಚ್ಚು ಕಲಿಸುತ್ತಿದ್ದರು. ಇವರು ಬೇಡ, ಒಳ್ಳೆಯ ರೆಕಾರ್ಡ್ ಇರುವವರನ್ನು ತನ್ನಿ ಎಂದು ರಿಂಕಿನವರಿಗೆ ಮೇಲ್ ಬರೆದೆ. ಪಾಯಿಂಟ್ ಹಾಕಿ, ಬೇರೆ ಪೋಷಕರನ್ನೂ ಒಪ್ಪಿಸಿ ಬರೆದೆ. ಚೆನ್ನಾಗಿ ಬರೆದಿದ್ದೇನೆ ಅಂತ ಹೆಮ್ಮೆ ಬೇರೆ. ಈಗ ನೆನೆದರೆ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ.

ಅವರ ಕಾಂಟ್ರಾಕ್ಟ್ ರಿನ್ಯೂ ಆಗಲಿಲ್ಲ. ಅವರ ಆಟದಲ್ಲಿ ಸರಣಿ ಮುಗಿದಾಗ ಎರಡೂ ತಂಡದವರು ಸಾಲಾಗಿ ನಿಂತು ಕೈಕುಲುಕುವ ಪದ್ಧತಿಯಿದೆ. ಕೊನೆಯ ದಿನ ಪೋಷಕರಾದ ನಮ್ಮನ್ನೂ ಮಕ್ಕಳ ಜೊತೆ ಹಾಗೇ ನಿಲ್ಲಿಸಿದರು. ನನ್ನ ಮುಂದೆ ಬಂದು ಮಗಳ ಗ್ಲೌಸು ಕೊಟ್ಟರು. ಹೊಲಿಗೆ ಮುಗಿಸಿದ್ದರು. ಕೈ ಕುಲುಕುವಾಗ ನನ್ನ ಕಣ್ಣು ಆ ಬೆರಳುಗಳ ಮೇಲೆ ಹೋದದ್ದು ಅವರಿಗೆ ಗೊತ್ತಾಯಿತು.

"ಪಕ್ ತಡೆದು ಮುರಿದದ್ದು," ಅಂದರು ತಮ್ಮ ತುಂಡು ಇಂಗ್ಲಿಷಿನಲ್ಲಿ. "ನನ್ನ ಕೆಲಸ ಅದೇ ಇತ್ತು. ಗೋಲು ಹೊಡೆಯುವವರು ಬೇರೆ ಇದ್ದರು. ನಿಮ್ಮ ಮಗಳಿಗೆ ಹೆದರಿಕೆಯಿಲ್ಲ. ಆಡಿಸಿ."

ಮೇಲ್ ಬರೆದವನು ನಾನೇ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ... ನಾನು ನೋಡಿದ ಪಟ್ಟಿಯಲ್ಲಿ ತಡೆದ ಪಕ್‌ಗಳಿಗೆ ಕಾಲಮ್ಮೇ ಇರಲಿಲ್ಲ. ಕೋಚ್ ಯಾಕೆ ಹೋದರು ಎಂದು ಮಗಳು ಅತ್ತಾಗ, ವೀಸಾ ಪ್ರಾಬ್ಲಂ ಅಂದೆ. ಆರು ತಿಂಗಳಲ್ಲಿ ಅವಳೂ ಆಟ ಬಿಟ್ಟಳು.

ಇವತ್ತು ಶೆಲ್ಟರಿನ ಬಾಗಿಲು ತೆಗೆಸಿದ್ದು ಅವಳೇ. ಈಗ ಯೂನಿವರ್ಸಿಟಿಯಲ್ಲಿದ್ದಾಳೆ. ಕೋಚ್ ತಮ್ಮೂರಿನಲ್ಲಿ ತೀರಿಕೊಂಡರು ಎಂದು ಹಳೇ ಟೀಮಿನ ಗ್ರೂಪಿಗೆ ಬೆಳಿಗ್ಗೆ ಸುದ್ದಿ ಬಂತಂತೆ. ಕ್ಷಮೆ ಕೇಳೋಣ ಎಂದರೆ ಇನ್ನು ಆ ಮನುಷ್ಯನೇ ಇಲ್ಲ.

ಗ್ಲೌಸು ಅವಳ ಕೈಗೆ ಬಿಗಿಯಾಗಿತ್ತು. ಹೇಗೋ ತೂರಿಸಿಕೊಂಡು, ಮೂಗು ಒರೆಸುತ್ತಾ ಅಂದಳು: "ಅವ್ರ ವೈಫ್‌ಗೆ ನೀನೇ ಬರಿ ಅಪ್ಪಾ. ನೀನು ಮೇಲ್ ಚೆನ್ನಾಗಿ ಬರೀತೀಯಲ್ಲಾ."

"ಕೂತ್ಕೋ ಪುಟ್ಟಾ," ಅಂದೆ. "ಬರೆಯೋಕ್ ಮುಂಚೆ ನಿಂಗೊಂದು ವಿಷ್ಯ ಹೇಳ್ಬೇಕು."

ಅವಳು ಗ್ಲೌಸು ಕಳಚದೆಯೇ ಕೂತಳು.